ಮನೆಗೆ ಎಷ್ಟಕ್ಕೆ ಕೇಳಬೇಕು?

ಮಾರುವವರು ಬೆಲೆ ಹೇಳುತ್ತಾರೆ, ಕೊಳ್ಳುವವರು ಬೆಲೆ ಕೇಳುತ್ತಾರೆ. ‘ಎಷ್ಟು ಹೇಳ್ತಿದ್ದಾರೆ?’, ‘ನೀವು ಎಷ್ಟಕ್ಕೆ ಕೇಳಿದ್ರಿ?’ ಎಂಬ ಈ ಎರಡು ಮಾತುಗಳ ನಡುವೆಯೇ ನಮ್ಮ ವ್ಯಾಪಾರವೆಲ್ಲ ಓಡಾಡುತ್ತದೆ. ಸಣ್ಣಪುಟ್ಟ ಸಾಮಾನಿಗೆ ಒಂದಿಷ್ಟು ಹೆಚ್ಚು ಕೇಳಿಬಿಟ್ಟರೆ ಹೋಗುವುದು ಚಿಲ್ಲರೆ ಕಾಸು. ಮನೆಯ ವಿಷಯ ಹಾಗಲ್ಲ, ಬಾಯಿಂದ ಹೊರಟ ಒಂದು ಅಂಕಿಯಲ್ಲಿ ಎರಡು ಮೂರು ವರ್ಷದ ಉಳಿತಾಯ ಉಳಿಯಬಹುದು, ಇಲ್ಲವೇ ಹೋಗಬಹುದು. ಹಾಗಿದ್ದರೂ ಎಷ್ಟೋ ಮಂದಿ ಆ ಅಂಕಿಯನ್ನು ಮನೆ ನೋಡಿಕೊಂಡು ಹೊರಬಂದ ಮೇಲೆ ಗೇಟಿನ ಹತ್ತಿರ ನಿಂತು ತೀರ್ಮಾನಿಸುತ್ತಾರೆ. ‘ಹೇಳಿದ್ದಕ್ಕಿಂತ ಒಂದು ಹತ್ತು ಪರ್ಸೆಂಟ್ ಇಳಿಸಿ ಕೇಳೋಣ’ ಎಂದರೆ ಮುಗಿಯಿತು.

ಹತ್ತು ಪರ್ಸೆಂಟ್ ಸರಿ, ಆದರೆ ಯಾವುದರಿಂದ ಇಳಿಸುತ್ತಿದ್ದೇವೆ? ಒಬ್ಬರು ಚೌಕಾಸಿಗೆಂದೇ ಇಪ್ಪತ್ತು ಪರ್ಸೆಂಟ್ ಸೇರಿಸಿ ಹೇಳಿರುತ್ತಾರೆ. ಇನ್ನೊಬ್ಬರಿಗೆ ಬೇಗ ಕೈಬಿಟ್ಟರೆ ಸಾಕಾಗಿದೆ, ನ್ಯಾಯವಾದ ಬೆಲೆಯನ್ನೇ ಹೇಳಿರುತ್ತಾರೆ. ಮೊದಲನೆಯವರ ಹತ್ತಿರ ಹತ್ತು ಇಳಿಸಿ ಕೇಳಿದರೂ ದುಬಾರಿಯೇ. ಎರಡನೆಯವರ ಹತ್ತಿರ ಹಾಗೆ ಕೇಳಿದರೆ ಮನೆ ಬೇರೆಯವರ ಪಾಲು. ಹೇಳಿದ ಬೆಲೆಯಿಂದ ಮನೆಯ ಬಗ್ಗೆ ತಿಳಿಯುವುದು ಕಡಿಮೆ, ಹೇಳಿದವರ ಬಗ್ಗೆ ತಿಳಿಯುವುದೇ ಹೆಚ್ಚು.

ಸರಿಯಾಗಿ ಲೆಕ್ಕ ಹಾಕುವುದಾದರೆ ಕೇಳುವ ಬೆಲೆಯ ಹಿಂದೆ ಮೂರು ಸಂಖ್ಯೆಗಳಿರಬೇಕು. ಈ ಮನೆಗೆ ಈಗ ಪೇಟೆಯಲ್ಲಿ ಎಷ್ಟು ಗಿಟ್ಟುತ್ತದೆ ಎಂಬುದು ಒಂದು. ನೀವು ಯಾವ ಬೆಲೆ ದಾಟಿ ಮೇಲೆ ಹೋಗಬಾರದು ಎಂಬುದು ಎರಡನೆಯದು. ಮಾರುವವರು ಯಾವ ಬೆಲೆಗಿಂತ ಕೆಳಗೆ ಇಳಿಯಲಾರರು ಎಂಬುದು ಮೂರನೆಯದು. ಮೊದಲನೆಯದನ್ನು ಹುಡುಕಿ ತೆಗೆಯಬಹುದು, ಎರಡನೆಯದನ್ನು ನೀವೇ ಕೂತು ನಿರ್ಧರಿಸಬೇಕು, ಮೂರನೆಯದನ್ನು ಊಹಿಸಬೇಕು. ಈ ಮೂರನ್ನೂ ಕಲಸಿಕೊಂಡು ಒಂದೇ ಅಂಕಿ ಮಾಡಿಕೊಳ್ಳುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುವುದು. ಲೆಕ್ಕ ಸುಲಭವಾಗಲೆಂದು ಮುಂದೆಲ್ಲ ಮಾರುವವರು ಹೇಳಿದ ಬೆಲೆಯನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ಮನೆಯ ಬೆಲೆಗೆ ತಕ್ಕಂತೆ ಗುಣಿಸಿಕೊಳ್ಳಿ.

ಕಿವಿಗೆ ಬಿದ್ದ ಅಂಕಿ

ಮೊದಲು ಒಂದು ಎಚ್ಚರಿಕೆ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್ ನಗರದಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ನಿಜವಾಗಿ ಮಾರಾಟಕ್ಕಿದ್ದ ಒಂದು ಮನೆಗೆ ಅವರು ಮನೆ ಮಾರಿಸುವುದೇ ಕಸುಬಾಗಿದ್ದ ಏಜೆಂಟರನ್ನೂ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋದರು. ಎಲ್ಲರೂ ಮನೆಯೊಳಗೆ ಸುತ್ತಾಡಿ ನೋಡಿದರು. ಅಳತೆ, ಸುತ್ತಲಿನ ಮಾರಾಟದ ವಿವರಗಳಿದ್ದ ಕಾಗದಗಳೂ ಕೈಯಲ್ಲಿದ್ದವು. ಎಲ್ಲರಿಗೂ ಕೊಟ್ಟದ್ದು ಒಂದೇ ಮಾಹಿತಿ, ಬೇರೆಯಾಗಿದ್ದದ್ದು ಹೇಳಿದ ಬೆಲೆ ಮಾತ್ರ. ಕೆಲವರಿಗೆ ಮೌಲ್ಯಮಾಪಕರು ಕಟ್ಟಿದ್ದ ಬೆಲೆಗಿಂತ ಸುಮಾರು ಶೇ 12ರಷ್ಟು ಕಡಿಮೆ, ಕೆಲವರಿಗೆ ಸುಮಾರು ಶೇ 12ರಷ್ಟು ಹೆಚ್ಚು, ಉಳಿದವರಿಗೆ ಇವೆರಡರ ನಡುವಿನದು. ‘ಈ ಮನೆ ನಿಮ್ಮ ಪ್ರಕಾರ ಎಷ್ಟು ಬಾಳುತ್ತದೆ?’ ಎಂದು ಕೇಳಿದಾಗ ಹೆಚ್ಚಿನ ಬೆಲೆ ಕಂಡವರು ಹೆಚ್ಚು ಹೇಳಿದರು, ಕಡಿಮೆ ಕಂಡವರು ಕಡಿಮೆ ಹೇಳಿದರು. ಕಸುಬುದಾರರೂ ಇದಕ್ಕೆ ಹೊರತಾಗಿರಲಿಲ್ಲ. ಆದರೆ ಹೇಳಿದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಾ ಎಂದಾಗ ಒಪ್ಪಿಕೊಂಡ ಏಜೆಂಟರು ತೀರ ಕಡಿಮೆ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1974ರಲ್ಲೇ ಈ ಗುಣವನ್ನು ಲಂಗರಿಗೆ ಹೋಲಿಸಿದ್ದರು. ಮೊದಲು ಕೇಳಿದ ಅಂಕಿ ತಳಕ್ಕೆ ಇಳಿದು ಕೂರುತ್ತದೆ, ಆಮೇಲೆ ನಮ್ಮ ಯೋಚನೆ ಅದಕ್ಕೆ ಕಟ್ಟಿದ ಹಗ್ಗದ ಉದ್ದದಷ್ಟೇ ಅಡ್ಡಾಡುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ನನಗೆ ತಿಳಿದಿರುವ ದಾರಿ ಒಂದೇ. ಹೇಳಿದ ಬೆಲೆಯನ್ನು ನೋಡದ ಇನ್ನೊಬ್ಬರಿಂದ ಲೆಕ್ಕ ಹಾಕಿಸಬೇಕು. ಮನೆಯ ಅಳತೆ, ವಯಸ್ಸು, ರಸ್ತೆ, ಸುತ್ತಲಿನ ಮಾರಾಟದ ವಿವರಗಳನ್ನೆಲ್ಲ ಕೊಟ್ಟು, ಬೆಲೆಯನ್ನು ಮಾತ್ರ ಮುಚ್ಚಿಡಿ. ಮನೆಯಲ್ಲೇ ಲೆಕ್ಕ ಬಲ್ಲ ತಂಗಿಯೋ ಅಣ್ಣನೋ ಇದ್ದರೆ ಅದು ಅವರ ಕೆಲಸ.

ಪೇಟೆಯಲ್ಲಿ ಗಿಟ್ಟುವ ಬೆಲೆ

ಸುತ್ತಮುತ್ತಲ ಇಂಥದೇ ಮನೆಗಳು ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾದವು ಎಂಬುದೇ ಆಧಾರ. ‘ಮಾರಾಟಕ್ಕಿವೆ’ ಬೇರೆ, ‘ಮಾರಾಟವಾದವು’ ಬೇರೆ. ಜಾಹೀರಾತಿನ ಬೆಲೆಗಳನ್ನು ಸೇರಿಸಿ ಸರಾಸರಿ ತೆಗೆದರೆ ಲೆಕ್ಕ ಮೇಲಕ್ಕೇ ವಾಲುತ್ತದೆ. ನ್ಯಾಯವಾದ ಬೆಲೆಯ ಮನೆ ಎರಡು ವಾರದಲ್ಲಿ ಹೋಗಿಬಿಡುತ್ತದೆ, ಜಾಸ್ತಿ ಹೇಳಿದ ಮನೆ ಎಂಟು ತಿಂಗಳು ಅಲ್ಲೇ ಕೂತಿರುತ್ತದೆ. ಯಾವುದೋ ಒಂದು ದಿನ ತೆರೆದು ನೋಡಿದಾಗ ಕಣ್ಣಿಗೆ ಬೀಳುವುದರಲ್ಲಿ ಹೆಚ್ಚಿನವು ಈ ಎರಡನೇ ಬಗೆಯವೇ. ನೋಂದಣಿಯಾದ ಬೆಲೆಗಳು ಸಿಗುವ ಕಡೆ ಅವನ್ನು ನೋಡಿ. ದಾಖಲೆಯ ಅಂಕಿಯನ್ನು ನಂಬಲಾಗದ ಕಡೆ, ಇತ್ತೀಚೆಗೆ ಕೊಂಡವರನ್ನೇ ವಿಚಾರಿಸುವುದು ಒಳ್ಳೆಯದು. ಕೊಂಡು ಒಂದು ವರ್ಷ ಕಳೆದವರು ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ನೀವು ನೋಡಿದ ಮನೆ ಒಳರಸ್ತೆಯಲ್ಲಿದೆ, ಮೂರು ಕೋಣೆ, ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದ್ದಾರೆ. ಹೇಳಿದ್ದು 100. ಹತ್ತಿರದಲ್ಲಿ ಮೂರು ಮನೆಗಳು ಮಾರಾಟವಾಗಿವೆ. ಮೊದಲನೆಯದು ಹತ್ತು ತಿಂಗಳ ಹಿಂದೆ 92ಕ್ಕೆ ಹೋಯಿತು, ಅಳತೆ ಇಷ್ಟೇ, ಆದರೆ ಅಡುಗೆಮನೆ ಹಳೆಯದು. ಎರಡನೆಯದು ಎರಡು ತಿಂಗಳ ಹಿಂದೆ 99ಕ್ಕೆ, ಅದಕ್ಕೆ ಒಂದು ಕೋಣೆ ಹೆಚ್ಚು. ಮೂರನೆಯದು ಮೂರು ತಿಂಗಳ ಹಿಂದೆ 95ಕ್ಕೆ, ಎಲ್ಲವೂ ಇದರಂತೆಯೇ, ಆದರೆ ವಾಹನಗಳ ಸದ್ದಿನ ದೊಡ್ಡ ರಸ್ತೆಗೆ ಮುಖ ಮಾಡಿದೆ.

ಈಗ ಆ ಮೂರನ್ನೂ ನಿಮ್ಮ ಮನೆಯಂತೆ ಮಾಡಿಕೊಳ್ಳಬೇಕು. ಇಲ್ಲಿ ಬಹಳ ಮಂದಿ ಕೂಡುವ ಕಡೆ ಕಳೆಯುತ್ತಾರೆ. ಮಾರಾಟವಾದ ಮನೆಯಲ್ಲಿ ನಿಮ್ಮದಕ್ಕಿಂತ ಏನಾದರೂ ಹೆಚ್ಚಿದ್ದರೆ ಅದರ ಬೆಲೆಯಿಂದ ಕಳೆಯಿರಿ, ಕಡಿಮೆಯಿದ್ದರೆ ಅದಕ್ಕೆ ಕೂಡಿಸಿ. ಹತ್ತು ತಿಂಗಳಲ್ಲಿ ಆ ಭಾಗದ ಬೆಲೆ ಸುಮಾರು ಶೇ 3ರಷ್ಟು ಏರಿದ್ದರೆ ಮೊದಲ ಮನೆಯ 92 ಈಗಿನ ಲೆಕ್ಕಕ್ಕೆ 95ರ ಹತ್ತಿರ. ಹಳೆಯ ಅಡುಗೆಮನೆಗಾಗಿ 2 ಕೂಡಿಸಿದರೆ 97. ಎರಡನೆಯದರ ಹೆಚ್ಚಿನ ಕೋಣೆಗೆ 6 ಕಳೆದರೆ 93. ಮೂರನೆಯದಕ್ಕೆ ಸದ್ದಿನ ಸಲುವಾಗಿ ಒಂದೂವರೆ ಕೂಡಿಸಿದರೆ 96.5.

ಈ ಮೂರರ ಸರಾಸರಿ ತೆಗೆಯಬೇಡಿ. ಅತಿ ಕಡಿಮೆ ತಿದ್ದುಪಡಿ ಬೇಕಾದ ಮನೆಗೆ ಹೆಚ್ಚು ತೂಕ ಕೊಡುವುದು ಅನುಭವಸ್ಥ ಮೌಲ್ಯಮಾಪಕರ ಕ್ರಮ, ಏಕೆಂದರೆ ಪ್ರತಿ ತಿದ್ದುಪಡಿಯೂ ಒಂದು ಊಹೆ. ಇಲ್ಲಿ ಮೂರನೆಯ ಮನೆಯೇ ನಂಬಲರ್ಹ. ಹಾಗಾಗಿ ಪೇಟೆಯ ಬೆಲೆ 93ರಿಂದ 97ರ ನಡುವೆ, ಬಹುಶಃ 96ರ ಆಸುಪಾಸು. ನೂರು ಹೇಳಿದ್ದಾರೆ, ಆದರೆ ಮನೆ 96ರದು.

ಕೋಣೆಗೆ 6, ಅಡುಗೆಮನೆಗೆ 2 ಎಂಬುದು ಎಲ್ಲಿಂದ ಬರುತ್ತದೆ? ಕಟ್ಟಿಸುವ ಖರ್ಚಿನಿಂದಂತೂ ಅಲ್ಲ. ನಾಲ್ಕು ಖರ್ಚು ಮಾಡಿ ಅಡುಗೆಮನೆ ಮಾಡಿಸಿದವರಿಗೆ ಮಾರುವಾಗ ಎರಡು ಮಾತ್ರ ಹಿಂದಿರುಗಬಹುದು. ಒಂದು ಅಂಶದಲ್ಲಿ ಮಾತ್ರ ಬೇರೆಯಾಗಿರುವ ಎರಡು ಮನೆಗಳು ಮಾರಾಟವಾಗಿದ್ದರೆ, ಅವುಗಳ ಬೆಲೆಯ ಅಂತರವೇ ಆ ಅಂಶಕ್ಕೆ ಪೇಟೆ ಕೊಡುವ ಬೆಲೆ. ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1974ರಲ್ಲಿ ಈ ಯೋಚನೆಗೆ ಒಂದು ಸಿದ್ಧಾಂತದ ರೂಪ ಕೊಟ್ಟರು. ಮನೆಯೆಂದರೆ ಕೋಣೆ, ಜಾಗ, ಬೆಳಕು, ರಸ್ತೆ, ಶಾಲೆಯ ದೂರ ಇವೆಲ್ಲವನ್ನೂ ಸೇರಿಸಿ ಕಟ್ಟಿದ ಒಂದು ಗಂಟು, ಗಂಟಿನ ಬೆಲೆಯೊಳಗೆ ಒಂದೊಂದರ ಬೆಲೆಯೂ ಅಡಗಿದೆ. ಚದರಡಿಗೆ ಇಷ್ಟು ಎಂದು ಗುಣಿಸುವ ಲೆಕ್ಕ ಈ ಗಂಟನ್ನು ಬಿಚ್ಚದೆ ತೂಗಿದಂತೆ. ಅಳತೆಯಲ್ಲಿ ಗೋಡೆಯ ಒಳಗಿನ ಜಾಗ ಮಾತ್ರ ಇದೆಯೋ, ಗೋಡೆ ಮೆಟ್ಟಿಲುಗಳೆಲ್ಲ ಸೇರಿವೆಯೋ ಎಂಬುದೂ ಅದರಿಂದ ತಿಳಿಯದು.

ಮನೆಯ ಕೊರತೆಗಳನ್ನು ಇದೇ ಹಂತದಲ್ಲಿ ಕಳೆಯಬೇಕು. ನಾನು ಒಂದು ಮನೆಯನ್ನು ಬೇಸಿಗೆಯ ಬೆಳಗ್ಗೆ ನೋಡಿ ಮೆಚ್ಚಿಕೊಂಡು ಬಂದಿದ್ದೆ. ಎರಡು ದಿನ ಮಳೆ ಹಿಡಿದಾಗ ಮತ್ತೆ ಹೋದೆ. ಮಲಗುವ ಕೋಣೆಯ ಒಂದು ಗೋಡೆಗೆ ಮಾತ್ರ ಮೊಣಕಾಲೆತ್ತರಕ್ಕೆ ಹೊಸ ಬಣ್ಣ ಬಳಿದಿದ್ದರು. ಮೇಲಿನ ಬಣ್ಣಕ್ಕೂ ಅದಕ್ಕೂ ಒಂದು ಎಳೆಯಷ್ಟು ವ್ಯತ್ಯಾಸವಿತ್ತು, ಬಿಸಿಲಿನ ದಿನ ಅದು ಕಂಡಿರಲಿಲ್ಲ. ಕಪಾಟಿನ ಹಿಂದಕ್ಕೆ ಕೈ ತೂರಿಸಿ ಗೋಡೆ ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ಸುಣ್ಣದ ಪುಡಿ ಅಂಟಿಕೊಂಡಿತು. ನೆಲದಿಂದ ತೇವ ಏರುತ್ತಿತ್ತು. ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡೆ. ‘ಗೋಡೆ ಸರಿಯಿಲ್ಲ, ಬೆಲೆ ಇಳಿಸಿ’ ಎಂಬ ಮಾತಿಗೆ ಯಾರೂ ಜಗ್ಗುವುದಿಲ್ಲ. ಕೆಲಸ, ಸಾಮಾನು, ದಿನಗಳ ವಿವರವಿರುವ ಚೀಟಿಯನ್ನು ಎದುರಿಗಿಟ್ಟರೆ ಮಾತು ಬೇರೆಯಾಗುತ್ತದೆ.

ಹೋಲಿಕೆಯ ಲೆಕ್ಕಕ್ಕೆ ಒಂದು ಮಿತಿಯಿದೆ. ಇಡೀ ಬಡಾವಣೆಯ ಬೆಲೆಯೇ ಉಬ್ಬಿಕೊಂಡಿದ್ದರೆ ಅದು ಇದರಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಹೋಲಿಸುವ ಮನೆಗಳೂ ಉಬ್ಬಿರುತ್ತವೆ. ಅದಕ್ಕೆ ಬಾಡಿಗೆ ನೋಡಬೇಕು. 100ರ ಮನೆಗೆ ವರ್ಷಕ್ಕೆ 4 ಬಾಡಿಗೆ ಬರುತ್ತದೆ, ತೆರಿಗೆ ರಿಪೇರಿ ಕಳೆದು 3 ಉಳಿಯುತ್ತದೆ ಎನ್ನಿ. ಸಾಲದ ಬಡ್ಡಿ ಶೇ 8. ನಡುವಿನ ಐದನ್ನು ನೀವು ಕೊಡುತ್ತಿರುವುದು ಮುಂದೆ ಬೆಲೆ ಏರುತ್ತದೆಂಬ ನಿರೀಕ್ಷೆಗೆ, ಸ್ವಂತ ಮನೆಯ ನೆಮ್ಮದಿಗೆ. ಅದು ತಪ್ಪೇನಲ್ಲ. ಆದರೆ ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಕೊಡುವ ಮುಂಚೆ ಗೊತ್ತಿರಬೇಕು.

ದಾಟಬಾರದ ಗೆರೆ

ಎರಡನೆಯ ಸಂಖ್ಯೆಯನ್ನು ಮಾತುಕತೆ ಶುರುವಾಗುವ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಇದರೊಳಗೆ ಎರಡು ಮಿತಿಗಳಿವೆ, ಯಾವುದು ಕಡಿಮೆಯೋ ಅದೇ ನಿಮ್ಮ ಗೆರೆ.

ಒಂದು ಜೇಬಿನ ಮಿತಿ. ಕೈಯಲ್ಲಿರುವ ಹಣ, ಸಿಗುವ ಸಾಲ ಎರಡನ್ನೂ ಕೂಡಿಸಿ, ನೋಂದಣಿ ಖರ್ಚು, ದಲ್ಲಾಳಿ ಕಮಿಷನ್, ಸಾಗಣೆ, ಕೂಡಲೇ ಮಾಡಿಸಬೇಕಾದ ರಿಪೇರಿ, ಆರು ತಿಂಗಳ ಆಪತ್ಕಾಲದ ಹಣ ಇಷ್ಟನ್ನೂ ಕಳೆಯಿರಿ. ಮೇಲೆ ಹೆಚ್ಚಿಗೆ ಕೊಡುವ ಒಂದೊಂದೂ ಸಾಲದಿಂದಲೇ ಬರುತ್ತದೆ ಎಂಬುದು ನೆನಪಿರಲಿ. ಶೇ 8ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಕಂತುಗಳನ್ನೆಲ್ಲ ಕೂಡಿಸಿದರೆ 100 ತೆಗೆದುಕೊಂಡವರು 200ಕ್ಕೂ ಸ್ವಲ್ಪ ಹೆಚ್ಚು ಕಟ್ಟಿರುತ್ತಾರೆ. ಚೌಕಾಸಿಯ ಬಿಸಿಯಲ್ಲಿ ‘ಇನ್ನೊಂದು ಎರಡು ಹೋಗಲಿ’ ಎಂದರೆ ಹೋಗುವುದು ನಾಲ್ಕು.

ಬ್ಯಾಂಕಿನ ಮೌಲ್ಯಮಾಪನವೂ ಇಲ್ಲೇ ಬರುತ್ತದೆ. ಒಪ್ಪಿದ ಬೆಲೆ, ಬ್ಯಾಂಕಿನವರು ಕಟ್ಟಿದ ಬೆಲೆ, ಇವೆರಡರಲ್ಲಿ ಕಡಿಮೆಯಿರುವುದರ ಮೇಲೆ ಸಾಲ ಕೊಡುವುದು ಬ್ಯಾಂಕುಗಳ ಸಾಮಾನ್ಯ ರೂಢಿ. 96ಕ್ಕೆ ಒಪ್ಪಿಕೊಂಡಿದ್ದೀರಿ, ಶೇ 80 ಸಾಲ ಸಿಗುತ್ತದೆ, ಕೈಯಿಂದ 19.2 ಹಾಕಿದರೆ ಸಾಕು ಅಂದುಕೊಂಡಿದ್ದೀರಿ. ಬ್ಯಾಂಕು 90 ಎಂದು ಕಟ್ಟಿದರೆ ಸಾಲ 72ಕ್ಕೆ ನಿಲ್ಲುತ್ತದೆ, ನೀವು 24 ಹೊಂದಿಸಬೇಕು. ಪೇಟೆಯ ಬೆಲೆಗಿಂತ ಮೇಲೆ ಹೋಗಿ ಕೇಳುವವರು ಈ ಅಂತರವನ್ನು ನಗದಾಗಿ ತುಂಬಲು ಸಿದ್ಧರಿರಬೇಕು.

ಇನ್ನೊಂದು, ಈ ಮನೆ ನಿಮಗೆ ಎಷ್ಟು ಬಾಳುತ್ತದೆ ಎಂಬ ಮಿತಿ. ಅದನ್ನು ತೂಗಲು ಒಂದು ಪ್ರಶ್ನೆ ಸಾಕು: ಇದು ಸಿಗದಿದ್ದರೆ ಮುಂದಿನದು ಯಾವುದು? ನೋಡಿಟ್ಟ ಇನ್ನೊಂದು ಮನೆ 93ಕ್ಕೆ ಸಿಗುವಂತಿದೆ, ಆದರೆ ಇದು ಅದಕ್ಕಿಂತ ಕೆಲಸದ ಜಾಗಕ್ಕೆ ಹತ್ತಿರ, ಬೆಳಕು ಚೆನ್ನಾಗಿದೆ, ಅದಕ್ಕಾಗಿ 4 ಹೆಚ್ಚು ಕೊಡಬಹುದು ಅನ್ನಿಸಿದರೆ ನಿಮ್ಮ ಗೆರೆ 97. ಎರಡನೆಯ ಮನೆಯೇ ನೋಡಿಲ್ಲದವರಿಗೆ ಗೆರೆಯೂ ಇರುವುದಿಲ್ಲ. ಒಂದೇ ಮನೆ ನೋಡಿ ಮನಸೋತು ಮಾತಿಗೆ ಕೂರುವುದು ಅಪಾಯಕಾರಿ ಎನ್ನುವುದು ಅದಕ್ಕೇ.

ನಾನು ಮೊದಲ ಸಲ ಮನೆ ಕೊಂಡಾಗ ಗೆರೆ ಹಾಕಿಕೊಂಡಿದ್ದೆ, ಮನಸ್ಸಿನಲ್ಲಿ ಮಾತ್ರ. ರಾತ್ರಿ ಒಂಬತ್ತಕ್ಕೆ ದಲ್ಲಾಳಿ ಫೋನ್ ಮಾಡಿ, ‘ಇನ್ನೊಂದು ಪಾರ್ಟಿ ನೋಡ್ಕೊಂಡು ಹೋಗಿದ್ದಾರೆ ಸರ್, ನಾಳೆ ಬೆಳಗ್ಗೆ ಮುಂಗಡ ತರ್ತಾರಂತೆ, ನೀವು ಒಂದು ಮೂರು ಏರಿಸಿದ್ರೆ ಈಗಲೇ ಮಾತು ಮುಗಿಸ್ತೀನಿ’ ಎಂದರು. ಏರಿಸಿದೆ. ಆ ಇನ್ನೊಂದು ಪಾರ್ಟಿ ನಿಜವಾಗಿ ಇತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ಆ ಮೂರನ್ನು ತೀರಿಸಲು ಕಟ್ಟಿದ ಕಂತುಗಳ ಲೆಕ್ಕ ಮಾತ್ರ ನನ್ನ ಹತ್ತಿರ ಇದೆ.

ಎದುರಿಗಿರುವವರ ಲೆಕ್ಕ

ತೇವದ ಗೋಡೆಯ ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಬೆಲೆಯ ಮಾತು ತೆಗೆದಾಗಲೆಲ್ಲ ಗೋಡೆಯನ್ನು ತಟ್ಟಿ, ‘ಒಂದೊಂದು ವರಸೆಗೂ ನಾನೇ ನಿಂತು ನೀರು ಹಾಕಿಸಿದ್ದೀನಪ್ಪ’ ಎನ್ನುತ್ತಿದ್ದರು. ಆ ನೀರಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಅವರ ಮನಸ್ಸಿನಲ್ಲಿ ಇದೆ. ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸುಮ್ಮನೆ ಒಂದು ಕಾಫಿ ಮಗ್ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದು, ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದ್ದರು. ಮಗ್ ಸಿಕ್ಕವರು ಹೇಳಿದ ಬೆಲೆ ಸಿಗದವರು ಕೇಳಿದ ಬೆಲೆಗಿಂತ ಸುಮಾರು ಎರಡು ಪಟ್ಟು. ಕೆಲವೇ ನಿಮಿಷ ಕೈಯಲ್ಲಿದ್ದ ಮಗ್ಗಿಗೆ ಹಾಗಾದರೆ, ಮೂವತ್ತು ವರ್ಷ ಬಾಳಿದ ಮನೆಗೆ?

ಕೊಂಡ ಬೆಲೆಯ ನೆನಪೂ ಮಾರುವವರನ್ನು ಹಿಡಿದಿಡುತ್ತದೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಅಧ್ಯಯನ ಮಾಡಿ 2001ರಲ್ಲಿ ಬರೆದರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ಪೇಟೆಯಲ್ಲಿ ಗಿಟ್ಟಬಹುದಾದ ಬೆಲೆಗೂ ತಾವು ಕೊಂಡ ಬೆಲೆಗೂ ಇರುವ ಅಂತರದ ಶೇ 25ರಿಂದ 35ರಷ್ಟನ್ನು ಹೇಳುವ ಬೆಲೆಗೆ ಸೇರಿಸುತ್ತಿದ್ದರು. ಕೊನೆಗೆ ಅಂತರದ ಶೇ 3ರಿಂದ 18ರಷ್ಟು ಅವರಿಗೆ ಹೆಚ್ಚಾಗಿ ಸಿಗುತ್ತಲೂ ಇತ್ತು, ಆದರೆ ಮನೆ ಬೇಗ ಹೋಗುತ್ತಿರಲಿಲ್ಲ. ನಷ್ಟದಲ್ಲಿರುವವರ ಎದುರು ಎಷ್ಟು ಲೆಕ್ಕ ಹೇಳಿದರೂ ಅವರು ಕೂಡಲೇ ಇಳಿಯುವುದು ಅಪರೂಪ. ಅಲ್ಲಿ ಬೇಕಾದದ್ದು ಸಮಯ, ಇಲ್ಲವೇ ಬೇರೆ ಮನೆ.

ಹಾಗಾಗಿ ಮೂರನೆಯ ಸಂಖ್ಯೆಯನ್ನು ಊಹಿಸಲು ಮನೆಗಿಂತ ಮನೆಯವರನ್ನು ಗಮನಿಸಬೇಕು. ಏಕೆ ಮಾರುತ್ತಿದ್ದಾರೆ, ಎಷ್ಟು ತಿಂಗಳಾಯಿತು, ಬೆಲೆ ಈಗಾಗಲೇ ಒಮ್ಮೆ ಇಳಿಸಿದ್ದಾರೆಯೇ, ಬೇರೆ ಮನೆಗೆ ಮುಂಗಡ ಕೊಟ್ಟಿದ್ದಾರೆಯೇ, ಇದರ ಮೇಲೆ ಸಾಲ ಬಾಕಿ ಎಷ್ಟಿದೆ ಎಂದು ವಿಚಾರಿಸಿ. ಖಾಲಿ ಬಿದ್ದಿರುವ ಮನೆ ಯಜಮಾನರಿಗೆ ತಿಂಗಳು ತಿಂಗಳೂ ಖರ್ಚು. ಬಾಕಿ ಸಾಲ 90 ಇದ್ದರೆ 88ಕ್ಕೆ ಒಪ್ಪಲು ಅವರಿಗೆ ಮನಸ್ಸಿದ್ದರೂ ದಾರಿಯಿರುವುದಿಲ್ಲ.

ಇದನ್ನೆಲ್ಲ ಹೆಚ್ಚಾಗಿ ದಲ್ಲಾಳಿಯ ಬಾಯಿಂದಲೇ ಕೇಳುತ್ತೇವೆ, ಆದ್ದರಿಂದ ಅವರ ಲೆಕ್ಕವೂ ತಿಳಿದಿರಬೇಕು. ಸ್ಟೀವನ್ ಲೆವಿಟ್ ಮತ್ತು ಚ್ಯಾಡ್ ಸೈವರ್ಸನ್ 2008ರ ಒಂದು ಅಧ್ಯಯನದಲ್ಲಿ ಶಿಕಾಗೋ ಸುತ್ತಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ನೋಡಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಸುಮಾರು ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಗಿರಾಕಿಯ ಮನೆಯಾದರೆ ಅಷ್ಟು ಕಾಯುತ್ತಿರಲಿಲ್ಲ. ಕಾರಣ ಸರಳ. ಕಮಿಷನ್ ಶೇ 2 ಇದ್ದರೆ ಬೆಲೆ 3 ಏರಿದಾಗ ಅವರಿಗೆ ಸಿಗುವುದು 0.06. ವ್ಯಾಪಾರ ಮುರಿದುಬಿದ್ದರೆ ಹೋಗುವುದು ಪೂರ್ತಿ 2. ಅವರಿಗೆ ಬೇಕಾದದ್ದು ವ್ಯಾಪಾರ ಕುದುರುವುದು. ಎರಡೂ ಕಡೆಗೆ ‘ಸ್ವಲ್ಪ ಬಿಡಿ’ ಎನ್ನುವುದು ಅವರ ಕೆಲಸ. ಇದರಲ್ಲಿ ಮೋಸವೇನಿಲ್ಲ, ಆದರೆ ನಿಮ್ಮ ಗೆರೆ ಎಲ್ಲಿದೆ ಎಂದು ಅವರಿಗೆ ಹೇಳಿದರೆ ಮಾತು ಆ ಗೆರೆಯ ಹತ್ತಿರವೇ ಬಂದು ನಿಲ್ಲುತ್ತದೆ.

ಬಾಯಿ ಬಿಡುವ ಹೊತ್ತು

ಈಗ ಕೈಯಲ್ಲಿ ಮೂರು ಸಂಖ್ಯೆಗಳಿವೆ: ಪೇಟೆಯ ಬೆಲೆ 96, ನಿಮ್ಮ ಗೆರೆ 97, ಅವರು ಇಳಿಯಬಹುದಾದ ಮಿತಿ 89ರಿಂದ 96ರ ನಡುವೆ ಎಲ್ಲೋ. ಎಷ್ಟಕ್ಕೆ ಕೇಳುವುದು?

ಒಂದೇ ಸಲ ಕೇಳಿ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವುದಾದರೆ ಲೆಕ್ಕ ಹೀಗೆ. 90 ಕೇಳಿದರೆ ಸಿಕ್ಕಾಗ ನಿಮಗೆ 7 ಲಾಭ, ಆದರೆ ಹತ್ತರಲ್ಲಿ ಎರಡು ಸಲ ಮಾತ್ರ ಸಿಕ್ಕೀತು ಎನ್ನಿ. ಏಳನ್ನು ಎರಡು ಹತ್ತಾಂಶದಿಂದ ಗುಣಿಸಿದರೆ 1.4. 93 ಕೇಳಿದರೆ ಲಾಭ 4, ಸಿಗುವ ಸಾಧ್ಯತೆ ಹತ್ತರಲ್ಲಿ ಆರು, ಗುಣಿಸಿದರೆ 2.4. 95 ಕೇಳಿದರೆ ಲಾಭ 2, ಸಾಧ್ಯತೆ ಹತ್ತರಲ್ಲಿ ಒಂಬತ್ತು, 1.8. ಹಾಗಾಗಿ 93 ಮೇಲು. ಈ ಸಾಧ್ಯತೆಗಳೆಲ್ಲ ನಿಮ್ಮ ಊಹೆಯೇ, ಆದರೂ ಲೆಕ್ಕ ಒಂದು ಸಂಗತಿಯನ್ನು ತೋರಿಸುತ್ತದೆ. ತೀರ ಕೆಳಗೆ ಕೇಳಿದರೂ ನಷ್ಟ, ಗೆರೆಯ ಹತ್ತಿರ ಕೇಳಿದರೂ ನಷ್ಟ. ಮುಂದಿನ ಮನೆ ಸುಲಭವಾಗಿ ಸಿಗುವಂತಿದ್ದರೆ ಕೆಳಗೆ ಸರಿಯಿರಿ, ಇಂಥ ಮನೆ ಅಪರೂಪವಾದರೆ ಮೇಲಕ್ಕೆ ಸರಿಯಿರಿ.

ಆದರೆ ಸಾಮಾನ್ಯವಾಗಿ ಮಾತು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅವರು ಇಳಿಯುತ್ತಾರೆ, ನೀವು ಏರುತ್ತೀರಿ, ಯಾರೋ ಒಬ್ಬರು ‘ಮಧ್ಯಕ್ಕೆ ಬನ್ನಿ’ ಎನ್ನುತ್ತಾರೆ. ಅವರು ಹೇಳಿದ್ದು 100, ನೀವು ಮೊದಲು ಕೇಳಿದ್ದು 93 ಆದರೆ ಮಧ್ಯ 96.5. ಅಂದರೆ ನೀವು ಮುಟ್ಟಬೇಕಾದದ್ದು 94 ಆಗಿದ್ದರೆ ಮೊದಲ ಮಾತು 88 ಅಥವಾ 89 ಆಗಿರಬೇಕಿತ್ತು. ಎಷ್ಟು ಕೆಳಗಿನಿಂದ ಶುರು ಮಾಡಬಹುದು ಎಂಬುದಕ್ಕೆ ನನ್ನ ಅಳತೆಗೋಲು ಹೀಗಿದೆ: ಆ ಅಂಕಿಯನ್ನು ಅವರ ಮುಖ ನೋಡಿ, ಕಾರಣ ಕೊಟ್ಟು ಹೇಳಲು ಸಾಧ್ಯವಾಗಬೇಕು. ಕಾರಣವಿಲ್ಲದೆ 80 ಕೇಳಿದರೆ ಆ ವೃದ್ಧರಂಥವರು ಎದ್ದು ಒಳಗೆ ಹೋಗುತ್ತಾರೆ, ಮತ್ತೆ ಕದ ತೆರೆಯುವುದಿಲ್ಲ.

‘ತೊಂಬತ್ತು’ ಎನ್ನುವುದಕ್ಕಿಂತ ‘89.4’ ಎನ್ನುವುದು ಮೇಲು. ಗುಂಡು ಅಂಕಿ ಬಾಯಿಗೆ ಬಂದದ್ದು ಅನ್ನಿಸುತ್ತದೆ, ಬಿಡಿ ಅಂಕಿ ಲೆಕ್ಕದಿಂದ ಬಂದದ್ದು ಅನ್ನಿಸುತ್ತದೆ. ನಿಮ್ಮದು ನಿಜವಾಗಿಯೂ ಲೆಕ್ಕದಿಂದ ಬಂದದ್ದೇ ಆಗಿದ್ದರೆ ಆ ಲೆಕ್ಕವನ್ನೇ ತೋರಿಸಿ: ಮೂರನೆಯ ಮನೆ ಇಷ್ಟಕ್ಕೆ ಹೋಯಿತು, ರಿಪೇರಿಗೆ ಮೇಸ್ತ್ರಿ ಇಷ್ಟು ಬರೆದಿದ್ದಾರೆ. ಆಮೇಲೆ ಏರುವಾಗ ಹೆಜ್ಜೆ ಚಿಕ್ಕದಾಗುತ್ತ ಹೋಗಬೇಕು. 89.4ರಿಂದ 92, ಅಲ್ಲಿಂದ 93.3, ಅಲ್ಲಿಂದ 94. ಪ್ರತಿ ಸಲ ಎರಡೆರಡು ಏರಿಸಿದರೆ ಇನ್ನೂ ಎರಡು ಇದೆ ಎಂದೇ ಅವರು ಕಾಯುತ್ತಾರೆ.

ಬೆಲೆಯೊಂದೇ ಮಾತಲ್ಲ. ಮಾರುವವರಿಗೆ ಹೊಸ ಜಾಗ ಹೊಂದಿಸಿಕೊಳ್ಳಲು ಮೂರು ತಿಂಗಳು ಬೇಕಿರಬಹುದು, ಮುಂಗಡ ದೊಡ್ಡದಾಗಿ ಬೇಕಿರಬಹುದು, ಸಾಲ ಮಂಜೂರಾಗಿರುವ ಗಿರಾಕಿ ಬೇಕಿರಬಹುದು. ಇವು ನಿಮಗೆ ಹೆಚ್ಚು ಖರ್ಚಿಲ್ಲದೆ ಕೊಡಲಾಗುವುದಾದರೆ ಬೆಲೆಯಲ್ಲಿ ಒಂದೋ ಎರಡೋ ಅದಕ್ಕೇ ಇಳಿಯಬಹುದು. ಮುಂಗಡ ಹೆಚ್ಚಿಸುವ ಮೊದಲು ಮಾತ್ರ ಸಾಲ ಸಿಗದಿದ್ದರೆ, ದಾಖಲೆಯಲ್ಲಿ ದೋಷ ಕಂಡರೆ ಅದು ವಾಪಸು ಬರುತ್ತದೆ ಎಂದು ಕರಾರಿನಲ್ಲಿ ಬರೆಸಿ.

ಹಲವರು ಕೇಳುತ್ತಿರುವಾಗ

ಒಂದೇ ಮನೆಗೆ ನಾಲ್ಕಾರು ಮಂದಿ ಬಿದ್ದಾಗ ಲೆಕ್ಕ ಬದಲಾಗುತ್ತದೆ. 1971ರಲ್ಲಿ ಕ್ಯಾಪೆನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ಎಂಜಿನಿಯರುಗಳು ಮೆಕ್ಸಿಕೋ ಕೊಲ್ಲಿಯ ತೈಲ ಹರಾಜುಗಳ ಬಗ್ಗೆ ಒಂದು ವಿಚಿತ್ರವನ್ನು ಬರೆದರು. ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಸಿಗುತ್ತಿರಲಿಲ್ಲ. ನೆಲದಡಿಯಲ್ಲಿ ಎಷ್ಟು ತೈಲವಿದೆ ಎಂದು ಎಲ್ಲರೂ ಊಹಿಸುತ್ತಾರೆ, ಕೆಲವರು ಹೆಚ್ಚು, ಕೆಲವರು ಕಡಿಮೆ. ಹರಾಜು ಗೆಲ್ಲುವುದು ಅತಿ ಹೆಚ್ಚು ಊಹಿಸಿದವರು, ಅಂದರೆ ಬಹುಪಾಲು ಸಲ ಮಿತಿಮೀರಿ ಊಹಿಸಿದವರು. ಇದಕ್ಕೆ ಗೆದ್ದವರ ಶಾಪ ಎಂಬ ಹೆಸರು ನಿಂತಿತು.

ಮನೆಗೂ ಈ ಮಾತು ಅರ್ಧ ಸಲ್ಲುತ್ತದೆ. ಮುಂದೆ ಬೆಲೆ ಎಷ್ಟು ಏರುತ್ತದೆ, ಅಡಿಪಾಯ ಎಷ್ಟು ಗಟ್ಟಿ ಎಂಬುದು ಕೊಲ್ಲಿಯ ತೈಲದಂತೆ, ಯಾರು ಕೊಂಡರೂ ಅದೇ. ಆ ವಿಷಯದಲ್ಲಿ ನೀವೇ ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದರೆ ಉಳಿದವರು ಕಂಡ ಏನನ್ನೋ ನೀವು ಕಂಡಿಲ್ಲವೇ ಎಂದು ಒಮ್ಮೆ ನಿಲ್ಲಬೇಕು. ಆದರೆ ನಿಮ್ಮ ತಾಯಿ ಪಕ್ಕದ ಬೀದಿಯಲ್ಲಿದ್ದಾರೆ, ಮಗುವಿನ ಶಾಲೆ ನಡೆದು ಹೋಗುವಷ್ಟು ಹತ್ತಿರ ಎಂಬುದರ ಬೆಲೆ ನಿಮಗೆ ಮಾತ್ರ ಸೇರಿದ್ದು. ಅದಕ್ಕಾಗಿ ಎಲ್ಲರಿಗಿಂತ ಮೇಲೆ ಹೋದರೆ ಶಾಪವೇನೂ ಇಲ್ಲ.

ಕೂಗಿ ನಡೆಸುವ ಹರಾಜಿನಲ್ಲಿ ಗೆರೆಯವರೆಗೆ ಹೋಗಿ ನಿಂತರೆ ಮುಗಿಯಿತು, ಅಲ್ಲಿ ನೀವು ಕೊಡುವುದು ಎರಡನೆಯವರು ಕೈಬಿಟ್ಟ ಬೆಲೆಗಿಂತ ಒಂದು ಹೆಜ್ಜೆ ಹೆಚ್ಚು ಮಾತ್ರ. ಮುಚ್ಚಿದ ಲಕೋಟೆಯಲ್ಲಿ ಹಾಗಲ್ಲ, ಬರೆದದ್ದನ್ನೇ ಕೊಡಬೇಕು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಈ ಎರಡರ ವ್ಯತ್ಯಾಸವನ್ನು ಲೆಕ್ಕದಲ್ಲಿ ಬಿಡಿಸಿ ತೋರಿಸಿದರು. ಲಕೋಟೆಯಲ್ಲಿ ಗೆರೆಯನ್ನೇ ಬರೆದರೆ ಗೆದ್ದರೂ ಉಳಿಯುವುದೇನಿಲ್ಲ. ಗೆರೆಗಿಂತ ಸ್ವಲ್ಪ ಕೆಳಗೆ ಬರೆಯಬೇಕು, ಪೈಪೋಟಿ ಹೆಚ್ಚಿದಷ್ಟೂ ಆ ಅಂತರ ಕಡಿಮೆಯಾಗಬೇಕು. ಸಮ ಬರದಂತೆ 96ರ ಬದಲು 96.13 ಎಂದು ಬರೆಯುವುದೂ ವಾಡಿಕೆಯೇ.

ಒಪ್ಪಿದ ಮೇಲೆ ಮತ್ತೆ ಇಳಿಸಿ ಕೇಳಬಹುದೇ ಎಂದು ಹಲವರು ಕೇಳುತ್ತಾರೆ. ಒಪ್ಪುವಾಗ ಗೊತ್ತಿರದಿದ್ದ ದೋಷ ತಪಾಸಣೆಯಲ್ಲಿ ಸಿಕ್ಕರೆ ಕೇಳಬಹುದು, ಕೇಳಬೇಕು. ಗೊತ್ತಿದ್ದದ್ದನ್ನೇ ಮತ್ತೆ ಎತ್ತಿದರೆ ಅದು ಮಾತಿಗೆ ತಪ್ಪಿದಂತೆ. ತೇವದ ಗೋಡೆಯ ಮನೆಗೆ ನಾನು ಮೇಸ್ತ್ರಿಯ ಚೀಟಿಯನ್ನು ಮೊದಲ ಮಾತಿನಲ್ಲೇ ಮುಂದಿಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು, ಎರಡು ಸಾಲಿಗೆ ತಲೆಯಾಡಿಸಿದರು, ಮೂರನೆಯದಕ್ಕೆ ‘ಇಷ್ಟಾಗಲ್ಲಪ್ಪ’ ಎಂದರು. ಕೊನೆಗೆ ಅವರು 96ಕ್ಕೆ ಬಂದು ನಿಂತರು. ಈ ಸಲ ಕಾಗದದ ಮೇಲೆ ಬರೆದಿದ್ದ ನನ್ನ ಗೆರೆ 95. ಕೈಮುಗಿದು ಎದ್ದೆ, ಮನೆ ತಿಂಗಳೊಳಗೆ ಬೇರೆಯವರಿಗೆ ಹೋಯಿತು. ನಾನು ಈಗಿರುವ ಮನೆ ಆ ವರ್ಷದ ಪಟ್ಟಿಯಲ್ಲಿ ಅದರ ಮುಂದಿನ ಸಾಲಿನಲ್ಲಿತ್ತು.